ಚಾವಿ ಯಾರ ಕೈಯಲ್ಲಿದೆ?

ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆಯ ಕೇಳುಗರೆಲ್ಲರಿಗೂ ನಮಸ್ಕಾರ.

ಯಾವುದೋ ದೇಶದಲ್ಲಿ ಜನಾಂಗೀಯ ಕದನ ನಡೆದಾಗ ವಾರ್ತೆಯಲ್ಲಿ ಒಂದು ಮಾತು ತಪ್ಪದೆ ಬರುತ್ತದೆ: "ಸಂಧಾನಕ್ಕೆ ಬರುವಂತೆ ಅಂತರರಾಷ್ಟ್ರೀಯ ಒತ್ತಡ ಹೆಚ್ಚಿದೆ." ಈ ಒತ್ತಡ ಅಂದರೆ ಏನು, ಯಾರ ಮೇಲೆ ಹಾಕಿದರೆ ಕೆಲಸ ಆಗುತ್ತದೆ? ಇವತ್ತು ಇಷ್ಟೇ ಮಾತಾಡೋಣ.

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರಿಗೆ ಇದರಲ್ಲಿ ಅರ್ಧ ಪಾಠ ಆಗಲೇ ಗೊತ್ತಿದೆ. ಭತ್ತ ತೆನೆ ಕಟ್ಟುವ ಹೊತ್ತಿಗೆ ಸರಿಯಾಗಿ ಗೇಜ್, ಅಂದರೆ ಕಾಲುವೆಯ ನೀರಿನ ಮಟ್ಟ, ಬೀಳುತ್ತದೆ. ಮನವಿ ಪತ್ರ ಕೊಟ್ಟು ಫೋಟೊ ತೆಗೆಸಿಕೊಂಡು ಬಂದರೆ ನೀರು ಬರುವುದಿಲ್ಲ. ಮೇಲಿನ ಗೇಟಿನ ಚಾವಿ ಯಾರ ಕೈಯಲ್ಲಿದೆ ಅಂತ ಪತ್ತೆ ಹಚ್ಚಿ ಅವರ ಮುಂದೆ ಹೋಗಿ ಕೂತರೆ ಬರುತ್ತದೆ. ದೇಶದೇಶಗಳ ನಡುವಿನ ಒತ್ತಡದ ಕಥೆಯೂ ಇದೇ. ಬಂದೂಕು ನಿಲ್ಲಿಸುವ ಚಾವಿ ಯಾರ ಹತ್ತಿರ ಇದೆ? ಮೊದಲು ಅದನ್ನು ಕೇಳಬೇಕು.

ಯುರೋಪಿನ ಬೋಸ್ನಿಯಾ ನೋಡಿ, ಯುಗೊಸ್ಲಾವಿಯಾ ಒಡೆದಾಗ ಬೇರೆಯಾದ ದೇಶ. 1992ರ ಏಪ್ರಿಲ್‌ನಲ್ಲಿ ಯುದ್ಧ ಶುರು. ಬೋಸ್ನಿಯಾಕ್ ಮುಸ್ಲಿಮರು, ಸರ್ಬರು, ಕ್ರೊಯೇಟರು ಒಂದೇ ಓಣಿಯಲ್ಲಿ ಬಾಳಿದವರು, ಹೆಚ್ಚುಕಡಿಮೆ ಒಂದೇ ಭಾಷೆ ಆಡುವವರು. ಮೂರೂವರೆ ವರ್ಷದಲ್ಲಿ ಸುಮಾರು ಒಂದು ಲಕ್ಷ ಜನ ಸತ್ತರು. ವಿಶ್ವಸಂಸ್ಥೆಯ ನಿರ್ಣಯಗಳಿಗೇನೂ ಬರ ಇರಲಿಲ್ಲ. ಸ್ರೆಬ್ರೆನಿಟ್ಸಾ ಪಟ್ಟಣವನ್ನು 1993ರಲ್ಲೇ "ಸುರಕ್ಷಿತ ಪ್ರದೇಶ" ಅಂತ ಘೋಷಿಸಿದ್ದರು. 1995ರ ಜುಲೈನಲ್ಲಿ ಬೋಸ್ನಿಯಾದ ಸರ್ಬ್ ಪಡೆಗಳು ಅಲ್ಲಿನ ಸುಮಾರು 8,000 ಬೋಸ್ನಿಯಾಕ್ ಗಂಡಸರನ್ನೂ ಹುಡುಗರನ್ನೂ ಕೊಂದು ಹೂತರು. ಆ ಘೋಷಣೆಗೆ ಕಾಗದದ ತೂಕ ಮಾತ್ರ ಇತ್ತು.

ಎಲ್ಲರಿಗೂ ಒಂದೇ ಸಮ ಒತ್ತಡ ಹಾಕಿದರೆ ನ್ಯಾಯ ಅಂತ ಅನಿಸುತ್ತದೆ, ಅಲ್ಲವೆ? ಅಲ್ಲ. 1991ರಲ್ಲಿ ಇಡೀ ಯುಗೊಸ್ಲಾವಿಯಾಕ್ಕೆ ಶಸ್ತ್ರ ಮಾರಬಾರದು ಅಂತ ವಿಶ್ವಸಂಸ್ಥೆ ನಿಷೇಧ ಹಾಕಿತು. ಹಳೇ ಸೈನ್ಯದ ಟ್ಯಾಂಕು, ಫಿರಂಗಿಗಳು ಸರ್ಬರ ಕಡೆ ಮೊದಲೇ ಸೇರಿದ್ದವು. ಆ ನಿಷೇಧದ ಪೆಟ್ಟು ಬಿದ್ದದ್ದು ಬರಿಗೈಯಲ್ಲಿದ್ದವರಿಗೆ.

ಹಾಗಾದರೆ ಚಾವಿ ಯಾರ ಕೈಯಲ್ಲಿತ್ತು? ಗುಡ್ಡದ ಮೇಲಿಂದ ಬೋಸ್ನಿಯಾದ ರಾಜಧಾನಿ ಸರಯೆವೊಗೆ ಗುಂಡು ಹಾರಿಸುತ್ತಿದ್ದವರು ಬೋಸ್ನಿಯಾದ ಸರ್ಬರು, ಅವರ ನಾಯಕ ಕರಾಜಿಚ್. ಆದರೆ ಅವರ ಅಧಿಕಾರಿಗಳಿಗೆ ಸಂಬಳ ಬರುತ್ತಿದ್ದದ್ದು ಪಕ್ಕದ ಸರ್ಬಿಯಾದ ರಾಜಧಾನಿ ಬೆಲ್‌ಗ್ರೇಡಿನಿಂದ. ಅಲ್ಲಿ ಕೂತಿದ್ದವನು ಅಧ್ಯಕ್ಷ ಮಿಲೊಸೆವಿಚ್. ಚಾವಿ ಅವನ ಸೊಂಟದಲ್ಲಿತ್ತು.

ಅವನನ್ನು ಹೇಗೆ ಒತ್ತಿದರು? 1992ರ ಮೇ ತಿಂಗಳಲ್ಲಿ ವಿಶ್ವಸಂಸ್ಥೆಯವರು ಸರ್ಬಿಯಾದ ವ್ಯಾಪಾರ, ಎಣ್ಣೆ, ವಿಮಾನ ಎಲ್ಲಕ್ಕೂ ನಿರ್ಬಂಧ ಹಾಕಿದರು. ಖಜಾನೆ ಬತ್ತಿತು, ಸರ್ಕಾರ ನೋಟು ಅಚ್ಚು ಹಾಕುತ್ತಾ ಹೋಯಿತು. 1993ರಲ್ಲಿ ಅಲ್ಲಿ ಬಂದ ಒಂದು ನೋಟಿನ ಮುಖಬೆಲೆ ಎಷ್ಟು ಗೊತ್ತೆ? 50 ಸಾವಿರ ಕೋಟಿ ದಿನಾರ್. ಐದರ ಮುಂದೆ ಹನ್ನೊಂದು ಸೊನ್ನೆ, ಪಕ್ಕದಲ್ಲಿ ಒಬ್ಬ ಕವಿಯ ಚಿತ್ರ. ಬೆಳಿಗ್ಗೆ ಬಂದ ಸಂಬಳಕ್ಕೆ ಸಂಜೆ ಸಂತೆಯಲ್ಲಿ ಬೆಲೆ ಇಲ್ಲ. ನಿರ್ಬಂಧ ತೆಗೆಸದೆ ತನ್ನ ಕುರ್ಚಿ ಉಳಿಯದು ಅಂತ ಮಿಲೊಸೆವಿಚ್‌ಗೆ ಮನವರಿಕೆ ಆಯಿತು. ಇತ್ತ 1995ರ ಆಗಸ್ಟ್ ಕೊನೆಗೆ ನೇಟೊ, ಅಂದರೆ ಅಮೆರಿಕ ಮತ್ತು ಯುರೋಪಿನ ದೇಶಗಳ ಸೇನಾ ಕೂಟದ ವಿಮಾನಗಳು ಬೋಸ್ನಿಯಾ ಸರ್ಬರ ನೆಲೆಗಳ ಮೇಲೆ ಬಾಂಬು ಹಾಕತೊಡಗಿದವು. ನೆಲದ ಮೇಲೆ ಕ್ರೊಯೇಟ್, ಬೋಸ್ನಿಯಾಕ್ ಪಡೆಗಳು ಮುನ್ನುಗ್ಗಿದವು. ಸರ್ಬರ ಹಿಡಿತದಲ್ಲಿದ್ದ ನೆಲ ನೂರಕ್ಕೆ 70ರಿಂದ ಅರ್ಧದ ಹತ್ತಿರಕ್ಕೆ ಇಳಿಯಿತು.

ಅದೇ ಹೊತ್ತಿಗೆ ಒಂದು ಕಾಗದ ಹೊರಗೆ ಬಂತು. ಬೋಸ್ನಿಯಾ ಸರ್ಬರ ಪರವಾಗಿ ಮಿಲೊಸೆವಿಚ್ಚೇ ಸಹಿ ಹಾಕಬಹುದು ಅನ್ನುವ ಒಪ್ಪಿಗೆ ಪತ್ರ, ಅದಕ್ಕೆ ಸರ್ಬ್ ಚರ್ಚಿನ ಹಿರಿಯ ಗುರುಗಳ ಸಾಕ್ಷಿ. ಅಮೆರಿಕದ ಸಂಧಾನಕಾರ ರಿಚರ್ಡ್ ಹೋಲ್‌ಬ್ರೂಕ್‌ಗೆ ಬೇಕಾಗಿದ್ದದ್ದು ಇದೇ. ಚಾವಿ ಯಾರ ಕೈಯಲ್ಲಿದೆ ಅನ್ನುವುದಕ್ಕೆ ಲಿಖಿತ ದಾಖಲೆ!

ನವೆಂಬರ್ 1ರಂದು ಮೂವರು ಅಧ್ಯಕ್ಷರನ್ನೂ, ಅಂದರೆ ಸರ್ಬಿಯಾದ ಮಿಲೊಸೆವಿಚ್, ಕ್ರೊಯೇಷಿಯಾದ ತುಜ್‌ಮನ್, ಬೋಸ್ನಿಯಾದ ಇಜೆತ್‌ಬೆಗೊವಿಚ್ ಅವರನ್ನು ಅಮೆರಿಕದ ಡೇಟನ್ ಊರಿನ ವಾಯುಪಡೆ ನೆಲೆಗೆ ಕರೆತಂದರು. ಅರಮನೆ ಅಲ್ಲ, ಐಷಾರಾಮಿ ಹೋಟೆಲ್ಲೂ ಅಲ್ಲ. ಕಾರು ನಿಲ್ಲಿಸುವ ಬಯಲು, ಅದರ ಸುತ್ತ ಸಾದಾ ವಸತಿ ಕಟ್ಟಡಗಳು, ಒಬ್ಬೊಬ್ಬರಿಗೆ ಒಂದೊಂದು. ಪತ್ರಕರ್ತರು ಬೇಲಿಯ ಆಚೆ. ವೈರಿಗಳನ್ನು ದಿನವಿಡೀ ಒಂದೇ ಮೇಜಿಗೆ ಕೂರಿಸುವ ಬದಲು ಮಧ್ಯಸ್ಥರು ಕಟ್ಟಡದಿಂದ ಕಟ್ಟಡಕ್ಕೆ ಓಡಾಡುತ್ತಾರೆ. ನಮ್ಮೂರ ದೈವದವರು ಅಣ್ಣನ ಮನೆಗೊಮ್ಮೆ ತಮ್ಮನ ಮನೆಗೊಮ್ಮೆ ಹೋಗಿ ಬದುವಿನ ಜಗಳ ಬಗೆಹರಿಸುವ ಹಾಗೆ. ಎದುರಿಗೆ ಕೂರಿಸಿದರೆ ಹಳೇ ಲೆಕ್ಕ ತೆಗೆಯುತ್ತಾರೆ.

ಈಗ ಗೊರಾಜ್‌ದೆ ರಾತ್ರಿಯ ಪ್ರಸಂಗ. ಸ್ವಲ್ಪ ಉದ್ದ ಆಗುತ್ತದೆ, ಆಗಲಿ. ಗೊರಾಜ್‌ದೆ ಅಂದರೆ ನಾಲ್ಕೂ ಕಡೆ ಸರ್ಬರ ನೆಲ ಇರುವ ಬೋಸ್ನಿಯಾಕರ ಪಟ್ಟಣ. ಅಲ್ಲಿಂದ ಸರಯೆವೊಗೆ ಹೋಗಲು ದಾರಿ ಬೇಕು. ಮೂರು ಕಿಲೋಮೀಟರು ಅಗಲ ಸಾಕು ಅಂತ ಮಿಲೊಸೆವಿಚ್ ಹಟ. ಅಮೆರಿಕನ್ನರು ಅವನನ್ನು ಒಂದು ಕಂಪ್ಯೂಟರಿನ ಮುಂದೆ ಕೂರಿಸಿದರು. ಬೋಸ್ನಿಯಾದ ಬೆಟ್ಟ, ಕಣಿವೆ, ಹೊಳೆ ಎಲ್ಲದರ ಮೇಲೆ ವಿಮಾನದಲ್ಲಿ ಹಾರಿದಂತೆ ತೋರಿಸುವ ಯಂತ್ರ. ಅವನು ಹೇಳಿದ ಮೂರು ಕಿಲೋಮೀಟರಿನೊಳಗೆ ದಾರಿ ಹೋಗಲು ಜಾಗವೇ ಇಲ್ಲ, ಬರೀ ಗುಡ್ಡ. ಕೈಯಲ್ಲಿ ವಿಸ್ಕಿ, ಕಣ್ಣು ಪರದೆಯ ಮೇಲೆ. ಗುಡ್ಡದ ಎದುರು ವಾದ ಮಾಡುವುದಾದರೂ ಏನು? ಮೂರು ಇದ್ದದ್ದು ಎಂಟು ಕಿಲೋಮೀಟರು ಆಯಿತು. ಅಮೆರಿಕನ್ನರು ಅದಕ್ಕೆ ವಿಸ್ಕಿ ರಸ್ತೆ ಅಂತಲೇ ಹೆಸರಿಟ್ಟರು.

ಮುಗಿಯಿತೆ? ಇಲ್ಲ. ಬೋಸ್ನಿಯಾಕ್–ಕ್ರೊಯೇಟ್ ಒಕ್ಕೂಟಕ್ಕೆ ನೂರಕ್ಕೆ 51, ಸರ್ಬರಿಗೆ 49 ಅಂತ ಮೊದಲೇ ಮಾತಾಗಿತ್ತು. ನಕ್ಷೆ ಅಳೆದು ನೋಡಿದರೆ ಒಕ್ಕೂಟಕ್ಕೆ 55 ಹೋಗಿದೆ! ಮಿಲೊಸೆವಿಚ್ ಸಿಟ್ಟಿಗೆದ್ದ. ರಾತ್ರಿಯಿಡೀ ಕೂತು ಬೋಸ್ನಿಯಾದ ಪ್ರಧಾನಿ ಒಂದಷ್ಟು ನೆಲ ಬಿಟ್ಟುಕೊಟ್ಟರು, ಬೆಳಗಿನ ಜಾವ ನಾಲ್ಕಕ್ಕೆ ಕೈಕುಲುಕಿದರು. ಕ್ರೊಯೇಷಿಯಾದ ಮಂತ್ರಿಯನ್ನು ಎಬ್ಬಿಸಿ ತೋರಿಸಿದರೆ, ಬಿಟ್ಟುಕೊಟ್ಟ ನೆಲದಲ್ಲಿ ಬಹುಪಾಲು ಕ್ರೊಯೇಟರ ಕೈಯಲ್ಲಿದ್ದದ್ದು. ಆ ಶಾಂತಿ ಬಾಳಿದ್ದು 37 ನಿಮಿಷ. ಅಕ್ಕಪಕ್ಕದವರು ಯಾರದೋ ಹೊಲ ತಾವು ದಾನ ಮಾಡಿದ ಹಾಗೆ.

ಕೊನೆಗೆ ಬರ್ಚ್‌ಕೊ ಅನ್ನುವ ಒಂದೇ ಊರು ಉಳಿಯಿತು. ಬೋಸ್ನಿಯಾಕರಿಗೂ ಬೇಕು, ಸರ್ಬರಿಗೂ ಬೇಕು. ಅದನ್ನು ಆಮೇಲೆ ಪಂಚರು ತೀರ್ಮಾನಿಸಲಿ ಅಂತ ಮಿಲೊಸೆವಿಚ್ಚೇ ಒಪ್ಪಿಕೊಂಡ. ನವೆಂಬರ್ 21ಕ್ಕೆ ಕಿರುಸಹಿ ಬಿತ್ತು. ಮರುದಿನವೇ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ನಿರ್ಬಂಧ ಅಮಾನತಿನಲ್ಲಿಟ್ಟಿತು. ಗಮನಿಸಿ, ರದ್ದು ಮಾಡಲಿಲ್ಲ, ಅಮಾನತಿನಲ್ಲಿಟ್ಟಿತು. ಮಾತು ತಪ್ಪಿದರೆ ಮತ್ತೆ ಬಿಗಿಯಬಹುದು. ಡಿಸೆಂಬರ್ 14ರಂದು ಪ್ಯಾರಿಸ್ಸಿನಲ್ಲಿ ಪೂರ್ಣ ಸಹಿ, ಬೆನ್ನಿಗೇ ಸುಮಾರು 60,000 ಸೈನಿಕರು ಕಾವಲಿಗೆ. ಸಹಿ ಆದ ಮೇಲೆ ಕಾವಲಿಗೆ ಯಾರೂ ಇಲ್ಲದಿದ್ದರೆ ಆ ಕಾಗದದಲ್ಲಿ ಬಜ್ಜಿ ಕಟ್ಟಬಹುದು.

ನನಗೆ ಕೊಟ್ಟ ಸಮಯವೆಲ್ಲ ಡೇಟನ್ನೇ ನುಂಗಿತು. ಶ್ರೀಲಂಕಾದ ವಿಷಯ ಬೇಗ ಹೇಳಿಬಿಡುತ್ತೇನೆ. ಅಲ್ಲಿ ಸರ್ಕಾರಕ್ಕೂ ಬೇರೆ ನಾಡು ಕೇಳುತ್ತಿದ್ದ ತಮಿಳು ಬಂಡುಕೋರರಿಗೂ ಯುದ್ಧ, ತಮಿಳರ ಊರು ಜಾಫ್ನಾ ಸಂಕಟದಲ್ಲಿತ್ತು. 1987ರ ಜೂನ್ 4ರಂದು ನಮ್ಮ ಬೆಂಗಳೂರಿನಿಂದಲೇ ಐದು ಸರಕು ವಿಮಾನ ಎದ್ದವು. ಬೆಂಗಾವಲಿಗೆ ಮಿರಾಜ್ ಯುದ್ಧ ವಿಮಾನ. ಜಾಫ್ನಾದ ಮೇಲೆ ಸುಮಾರು 25 ಟನ್ ಆಹಾರ, ಔಷಧ ಇಳಿಸಿ ವಾಪಸು ಬಂದವು. ಹಿಂದಿನ ದಿನ ರಾಮೇಶ್ವರದಿಂದ ಹೋದ ದೋಣಿಗಳನ್ನು ಲಂಕಾ ನೌಕಾಪಡೆ ತಿರುಗಿಸಿ ಕಳಿಸಿತ್ತು. ಅಕ್ಕಿ ಬೀಳಿಸಿದರೂ ಕೊಲಂಬೊಗೆ ಅರ್ಥವಾಗಿದ್ದು ಮಿರಾಜ್. ಎರಡು ತಿಂಗಳೊಳಗೆ, ಜುಲೈ 29ಕ್ಕೆ, ನಮ್ಮ ಪ್ರಧಾನಿ ರಾಜೀವ್ ಗಾಂಧಿ ಮತ್ತು ಲಂಕಾ ಅಧ್ಯಕ್ಷ ಜಯವರ್ಧನೆ ಒಪ್ಪಂದಕ್ಕೆ ಸಹಿ ಹಾಕಿದರು.

ಒತ್ತಡ ಗಟ್ಟಿಯಾಗಿಯೇ ಇತ್ತು. ಆದರೆ ಚಾವಿ? ಸಹಿ ಮಾಡಿದವರು ಎರಡು ಸರ್ಕಾರದವರು. ಜಾಫ್ನಾದಲ್ಲಿ ಬಂದೂಕು ಹಿಡಿದವರು ತಮಿಳು ಬಂಡುಕೋರ ಸಂಘಟನೆ ಎಲ್‌ಟಿಟಿಇ, ಅವರ ಸಹಿಯೇ ಇಲ್ಲ. ಅಕ್ಟೋಬರಿನಲ್ಲಿ ಕಾವಲಿಗೆ ಹೋದ ನಮ್ಮ ಸೈನ್ಯವೇ ಅವರ ಜೊತೆ ಯುದ್ಧಕ್ಕಿಳಿಯಿತು. 1990ರ ಮಾರ್ಚ್‌ನಲ್ಲಿ ಅದು ಮರಳುವಷ್ಟರಲ್ಲಿ ನಮ್ಮ ಸುಮಾರು 1,200 ಯೋಧರು ಪ್ರಾಣ ಬಿಟ್ಟಿದ್ದರು.

ಆಮೇಲೆ ನಾರ್ವೆ ನಡುವೆ ಬಂದು 2002ರ ಫೆಬ್ರವರಿಯಲ್ಲಿ ಕದನ ವಿರಾಮ ಮಾಡಿಸಿತು. 2003ರ ಜೂನ್‌ನಲ್ಲಿ ಟೋಕಿಯೊದಲ್ಲಿ ದಾನಿ ದೇಶಗಳು ಸೇರಿ, ಶಾಂತಿ ಮುಂದುವರಿದರೆ 450 ಕೋಟಿ ಡಾಲರ್ ಕೊಡುತ್ತೇವೆ ಅಂದವು. ಲಂಕಾ ಸರ್ಕಾರ ಹೋಗಿ ಕೂತಿತು. ಎಲ್‌ಟಿಟಿಇ ಆ ಸಭೆಗೆ ಕಾಲಿಡಲೇ ಇಲ್ಲ.

ನಮಸ್ಕಾರ.