ಜೋನಿಬೆಲ್ಲದ ಡಬ್ಬಿ, ಇರುವೆ ಸಾಲು, ನನ್ನ ಸರ್ವರು

ಎಲ್ಲರಿಗೂ ನಮಸ್ಕಾರ. ಈ ಪರಿ ಮಳೆ ಹೊಡೀತಿದ್ದರೂ ಇಷ್ಟು ಜನ ಬಂದಿದ್ದೀರಿ, ಖುಷಿಯಾಯ್ತು. ಸ್ಲೈಡ್ ತಂದಿದ್ದೆ, ಕರೆಂಟಿಲ್ಲ. ಇರಲಿ, ಕಂಪ್ಯೂಟರುಗಳಿಗೆ ಕೆಲಸ ಹಂಚೋದನ್ನು ಇರುವೆ ನೋಡಿ ಕಲಿಯೋ ಕಥೆಗೆ ಸ್ಲೈಡ್ ಯಾಕೆ ಬೇಕು?

ನಮ್ಮ ಮನೆ ತೀರ್ಥಹಳ್ಳಿ ಹತ್ತಿರ. ಜೋನಿಬೆಲ್ಲದ ಡಬ್ಬಿಗೆ ಇರುವೆ ಹತ್ತದ ಮನೆ ನಮ್ಮ ಕಡೆ ಇಲ್ಲ ಅಲ್ವಾ. ಆ ಸಾಲಿನ ಮಧ್ಯೆ ಗೇಣುದ್ದ ಜಾಗ ಒದ್ದೆ ಬಟ್ಟೆಯಲ್ಲಿ ಒರೆಸಿ ನೋಡಿ. ಅಲ್ಲಿಗೆ ಬಂದ ಇರುವೆ ಗಕ್ಕನೆ ನಿಲ್ಲುತ್ತದೆ, ಮೀಸೆ ಆಡಿಸುತ್ತದೆ, ಹಿಂದಿನವು ಬಂದು ಗುಂಪಾಗುತ್ತವೆ, ಅತ್ತಿತ್ತ ತಡಕಾಡಿ ಒಂದೆರಡು ಹೇಗೋ ದಾಟುತ್ತವೆ, ಸ್ವಲ್ಪ ಹೊತ್ತಿಗೆ ಮತ್ತೆ ಸಾಲು. ಮೇಸ್ತ್ರಿ ಯಾರೂ ಇಲ್ಲ. ನಡೆದವರು ಬಿಟ್ಟುಹೋದ ವಾಸನೆಯೇ ಮಾತು. ಗೆದ್ದಲುಗಳನ್ನು ನೋಡಿ ಫ್ರಾನ್ಸಿನ ವಿಜ್ಞಾನಿ ಗ್ರಾಸೆ 1959ರಲ್ಲಿ, ಒಬ್ಬರು ಬಿಟ್ಟ ಗುರುತು ನೋಡಿಯೇ ಇನ್ನೊಬ್ಬರು ಕೆಲಸ ಮುಂದುವರಿಸುವ ಈ ರೀತಿಗೆ ಸ್ಟಿಗ್ಮರ್ಜಿ ಅಂತ ಹೆಸರಿಟ್ಟರು.

ನೂರಾರು ಕಂಪ್ಯೂಟರ್ ಸೇರಿಸಿ ಕೆಲಸ ಮಾಡಿಸುವವರಿಗೂ ಬೇಕಾಗಿದ್ದು ಇದೇ. ಎಲ್ಲವನ್ನೂ ಒಬ್ಬ ಯಜಮಾನನೇ ನೋಡಿಕೊಂಡರೆ, ಅವನು ಮಲಗಿದ ದಿನ ಮನೆಯೇ ಮಲಗುತ್ತದೆ.

1989ರಲ್ಲಿ ಬೆಲ್ಜಿಯಂನ ವಿಜ್ಞಾನಿಗಳಾದ ಗಾಸ್, ದೆನೊಬೂರ್ ಮತ್ತು ಸಂಗಡಿಗರು ಇರುವೆ ಗೂಡಿಗೂ ಆಹಾರಕ್ಕೂ ನಡುವೆ ಕವಲು ಸೇತುವೆ ಇಟ್ಟರು. ಒಂದು ಕವಲು ಗಿಡ್ಡ, ಇನ್ನೊಂದು ಉದ್ದ. ಗಿಡ್ಡ ದಾರಿಯಲ್ಲಿ ಹೋದವು ಬೇಗ ವಾಪಸ್ ಬರುತ್ತವೆ, ಅಲ್ಲಿ ವಾಸನೆ ಬೇಗ ಜಾಸ್ತಿಯಾಗುತ್ತದೆ, ಸಾಲು ಅತ್ತ ತಿರುಗುತ್ತದೆ. ಇದನ್ನು ಎಲ್ಲರೂ ಹೇಳುತ್ತಾರೆ. ಹೇಳದೆ ಬಿಡೋದು ಇನ್ನೊಂದಿದೆ. ಮೊದಲು ಉದ್ದದ ಕವಲು ಮಾತ್ರ ಇಟ್ಟು, ಅರ್ಧ ಗಂಟೆ ಬಿಟ್ಟು ಗಿಡ್ಡದನ್ನು ಜೋಡಿಸಿದರೆ, ಹೆಚ್ಚಿನ ಇರುವೆಗಳು ಹಳೇ ದಾರಿಯನ್ನು ಬಿಡುವುದೇ ಇಲ್ಲ! ವಾಸನೆ ಅಷ್ಟು ನಿಧಾನ ಆರುತ್ತದೆ. ಇಟಲಿಯ ಮಾರ್ಕೊ ಡೊರಿಗೊ 1992ರ ಪಿಎಚ್‌ಡಿ ಪ್ರಬಂಧದಲ್ಲಿ ಕಂಪ್ಯೂಟರಿನೊಳಗೆ ದಾರಿ ಹುಡುಕೋ ಲೆಕ್ಕದ ಇರುವೆ ಬಿಟ್ಟಾಗ, ಹಳೇ ದಾರಿಗೇ ಅಂಟಿಕೊಳ್ಳದಿರಲಿ ಅಂತ ಪ್ರತಿ ಸುತ್ತಿಗೂ ವಾಸನೆ ಇಷ್ಟಿಷ್ಟು ಆರಲೇಬೇಕು ಅಂತ ಇಟ್ಟುಕೊಂಡರು. ನನಗೆ ಇಡೀ ವಿದ್ಯೆಯಲ್ಲಿ ಇಷ್ಟವಾದ ಜಾಗ ಅದು.

ಇದು ನನಗೆ ಅರ್ಥವಾಗಿದ್ದು ಪೆಟ್ಟು ತಿಂದು. ಬೆಂಗಳೂರಲ್ಲಿ ಕೆಲಸಕ್ಕಿದ್ದಾಗ, ಸರ್ವರುಗಳಲ್ಲಿ, ಅಂದರೆ ಕೇಳಿದ್ದಕ್ಕೆ ಉತ್ತರ ಕಳಿಸೋ ಕಂಪ್ಯೂಟರುಗಳಲ್ಲಿ, ಬೇಗ ಉತ್ತರ ಕೊಡೋದಕ್ಕೆ ಅಂಕ ಕೊಟ್ಟು, ಅಂಕ ಜಾಸ್ತಿ ಇದ್ದವನಿಗೆ ಜಾಸ್ತಿ ಕೆಲಸ ಕಳಿಸೋ ಪ್ರೋಗ್ರಾಂ ಬರೆದೆ. ಅಂಕ ಕೂಡಿಸುತ್ತಿದ್ದೆ, ಕಳೆಯುತ್ತಿರಲಿಲ್ಲ. ಒಂದು ಮಧ್ಯಾಹ್ನ ಮೊದಲ ನಂಬರಿನ ಸರ್ವರು ಏದುಸಿರು ಬಿಡತೊಡಗಿತು. ಹಳೇ ಅಂಕ ಬೆಟ್ಟದಷ್ಟಿತ್ತಲ್ಲ, ಕೆಲಸವೆಲ್ಲ ಅದರ ತಲೆ ಮೇಲೇ ಬಿತ್ತು. ಪಕ್ಕದವು ಸುಮ್ನೆ ಕೂತಿದ್ದವು. ಕೊನೆಗೆ ಅಂಕವನ್ನು ಆಗಾಗ ಒಂದಿಷ್ಟು ಕರಗಿಸುವ ಒಂದೇ ಸಾಲು ಸೇರಿಸಿದೆ.

ಎಷ್ಟು ಕರಗಿಸಬೇಕು? ಬೇಗ ಕರಗಿದರೆ ಕಲಿತಿದ್ದೇ ಉಳಿಯೋಲ್ಲ. ಇಂಥ ಸಂಖ್ಯೆ ಹುಡುಕೋಕೆ ಅಮೆರಿಕದ ವಿಜ್ಞಾನಿ ಜಾನ್ ಹಾಲಂಡ್ 1975ರ ಪುಸ್ತಕದಲ್ಲಿ ವಿವರಿಸಿದ ಜೆನೆಟಿಕ್ ವಿಧಾನ ಇದೆ. ನಾವು ತೋಟದಲ್ಲಿ ಒಳ್ಳೇ ಮರ ನೋಡಿ ಬೀಜದ ಅಡಿಕೆ ಆರಿಸುತ್ತೇವಲ್ಲ, ಹಾಗೆ ಚೆನ್ನಾಗಿರುವ ಉತ್ತರಗಳನ್ನು ಆರಿಸಿ, ಬೆರೆಸಿ, ಅಲ್ಲಲ್ಲಿ ಕೊಂಚ ಬದಲಿಸುತ್ತಾ ಹೋಗೋದು. ಒಂದೊಂದು ಕಂಪ್ಯೂಟರಿಗೆ ಒಂದೊಂದು ತೋಟ, ಅಂದರೆ ಉತ್ತರಗಳ ಒಂದೊಂದು ಗುಂಪು, ಕೊಡಬಹುದು. ನಾವು ಸಾಗರದ ನೆಂಟರ ಮನೆಯಿಂದ ಬೀಜ ತರುವ ಹಾಗೆ, ಆಗೊಮ್ಮೆ ಈಗೊಮ್ಮೆ ಅವು ಒಳ್ಳೇದನ್ನು ಅದಲು ಬದಲು ಮಾಡಿಕೊಂಡರೆ ಸಾಕು.