ಗುರಿ ಬಾಲದ ಕಡೆಗೆ: ಯುದ್ಧಕಾಲದ ಕಾರ್ಟೂನ್ ಚಿತ್ರಗಳು

ಕೇಳುಗರಿಗೆ ನಮಸ್ಕಾರ.

ಹಾರುವ ಹಕ್ಕಿಗೆ ಗುಂಡು ಹೊಡೆಯುವವನು ಹಕ್ಕಿಗಿಂತ ತುಸು ಮುಂದೆ ಗುರಿ ಇಡುತ್ತಾನೆ. ಬೇಟೆ ಗೊತ್ತಿದ್ದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಬಾಂಬರ್ ವಿಮಾನಗಳ ಪಕ್ಕದ ಕಿಟಕಿಯಲ್ಲಿ ಮಷೀನ್‌ಗನ್ ಹಿಡಿದು ನಿಂತ ಹುಡುಗರನ್ನು ದಾರಿ ತಪ್ಪಿಸಿದ್ದು ಇದೇ ತಿಳಿವಳಿಕೆ. ಗಂಟೆಗೆ 250 ಮೈಲಿ ವೇಗದ ಬಾಂಬರ್ ಒಂದು ಸೆಕೆಂಡಿಗೆ ಸುಮಾರು 367 ಅಡಿ ಮುಂದೆ ಹೋಗಿರುತ್ತದೆ. ಕಿಟಕಿಯಿಂದ ಪಕ್ಕಕ್ಕೆ ಸಿಡಿದ ಗುಂಡಿಗೂ ಆ ವೇಗ ಅಂಟಿಕೊಂಡೇ ಇರುತ್ತದೆ. ಓಡುವ ಬಸ್ಸಿನಿಂದ ಎಸೆದ ಮಾವಿನ ಗೊರಟೆ ನೇರ ಪಕ್ಕಕ್ಕೆ ಬೀಳದೆ ಬಸ್ಸಿನ ಜೊತೆಗೇ ಒಂದಷ್ಟು ದೂರ ಮುಂದಕ್ಕೆ ಹೋಗುತ್ತದಲ್ಲ, ಹಾಗೆ. ಆದ್ದರಿಂದ ಮೇಲೆರಗಿ ಬರುವ ಶತ್ರುವಿಮಾನಕ್ಕೆ ಗುರಿ ಇಡಬೇಕಾದದ್ದು ಅದರ ಮೂತಿಯ ಮುಂದೆ ಅಲ್ಲ. ಅದಕ್ಕೂ ನಮ್ಮ ವಿಮಾನದ ಬಾಲಕ್ಕೂ ನಡುವೆ.

ಈ ಮಾತನ್ನು ಕೇಳಿದ ಕೂಡಲೇ ಮನಸ್ಸು ಒಪ್ಪುವುದಿಲ್ಲ. ಪುಸ್ತಕದ ರೇಖಾಗಣಿತ ಹದಿನೆಂಟು-ಇಪ್ಪತ್ತರ ಹುಡುಗನ ತಲೆಗೆ ಇಳಿಯುವುದು ನಿಧಾನ. ಕ್ಯಾಮೆರಾ ಹಿಡಿದು ತೋರಿಸೋಣವೆಂದರೆ ಗುಂಡು ಕಣ್ಣಿಗೆ ಕಾಣುವುದಿಲ್ಲ, ಎರಡು ವಿಮಾನಗಳನ್ನೂ ಗುಂಡಿನ ಹಾದಿಯನ್ನೂ ಒಟ್ಟಿಗೆ ಮೇಲಿನಿಂದ ನೋಡುವ ಜಾಗವೂ ಇಲ್ಲ. ಬರೆದ ಚಿತ್ರಕ್ಕೆ ಮಾತ್ರ ಆ ಜಾಗ ಸಿಗುತ್ತದೆ. ಕ್ಯಾಲಿಫೋರ್ನಿಯಾದ ಕಲ್ವರ್ ಸಿಟಿಯ ಹ್ಯಾಲ್ ರೋಚ್ ಸ್ಟುಡಿಯೋದಲ್ಲಿ ಬೀಡುಬಿಟ್ಟಿದ್ದ ಅಮೆರಿಕದ ವಾಯುಸೇನೆಯ ಚಲನಚಿತ್ರ ಪಡೆಗೆ ತನ್ನದೇ ಆನಿಮೇಷನ್ ವಿಭಾಗವಿತ್ತು, ಅದರ ಮುಖ್ಯಸ್ಥ ರುಡಾಲ್ಫ್ ಐಸಿಂಗ್. 1944ರಲ್ಲಿ ಅವರು ಟ್ರಿಗರ್ ಜೋ ಎಂಬ ಪಾತ್ರವನ್ನಿಟ್ಟುಕೊಂಡು ಈ ಒಂದೇ ಪಾಠಕ್ಕೆ ‘ಪೊಸಿಷನ್ ಫೈರಿಂಗ್’ ಚಿತ್ರ ಮಾಡಿದರು. ಜೋ ಜಾಣನಲ್ಲ, ಬೇಗ ಕಲಿಯುವವನೂ ಅಲ್ಲ. ನೋಡುವ ಹುಡುಗನಿಗೆ ಬರುವ ಅನುಮಾನಗಳೇ ಅವನಿಗೂ ಬರುತ್ತವೆ. ಪಾತ್ರ ಬೇಕಾದದ್ದೇ ಅದಕ್ಕೆ.

ಇದು ಹೊಸ ಉಪಾಯವೇನಲ್ಲ. 1917ರಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿದಾಗಲೇ ಬ್ರೇ ಎಂಬ ಕಾರ್ಟೂನ್ ಸ್ಟುಡಿಯೋ ಸೇನೆಗೆ ತರಬೇತಿ ಚಿತ್ರ ಮಾಡಲು ಹೊರಟಿತ್ತು. ಅದರ ಕಲಾವಿದ ಮ್ಯಾಕ್ಸ್ ಫ್ಲೈಷರ್ ಒಕ್ಲಹೋಮಾದ ಸೇನಾ ನೆಲೆ ಫೋರ್ಟ್ ಸಿಲ್‌ಗೆ ಹೋಗಿ ಸೇನಾ ನಕಾಶೆ ಓದುವುದು, ಲೂಯಿಸ್ ಗನ್ ಎಂಬ ಮಷೀನ್‌ಗನ್ ಬಳಸುವುದು ಇಂಥ ಪಾಠಗಳನ್ನು ಚಿತ್ರವಾಗಿಸಿದರು. ಇನ್ನೊಂದು ಕಡೆ ವ್ಯಂಗ್ಯಚಿತ್ರಕಾರ ವಿನ್ಸರ್ ಮೆಕೇ, 1915ರ ಮೇ 7ರಂದು ಜರ್ಮನ್ ಜಲಾಂತರ್ಗಾಮಿ ಮುಳುಗಿಸಿದ ಲುಸಿಟೇನಿಯಾ ಎಂಬ ಬ್ರಿಟಿಷ್ ಪ್ರಯಾಣಿಕರ ಹಡಗಿನ ಚಿತ್ರವನ್ನು ಸುಮಾರು 25,000 ರೇಖಾಚಿತ್ರಗಳಲ್ಲಿ ಕಟ್ಟಿ 1918ರಲ್ಲಿ ತೆರೆಗೆ ತಂದರು. ಅಲ್ಲಿ ಕ್ಯಾಮೆರಾ ಇರಲೇ ಇಲ್ಲ; ಆದರೆ ಅಲೆ, ಹೊಗೆ, ವಾಲುವ ಹಡಗು ಎಲ್ಲವೂ ಕಂಡವರು ಬರೆದಂತೆ ಇವೆ. ಕಲಿಸುವ ಗೆರೆ ಮತ್ತು ಕೆರಳಿಸುವ ಗೆರೆ, ಎರಡೂ ಹುಟ್ಟಿದ್ದು ಒಂದೇ ಕಾಲದಲ್ಲಿ.

ಈಗ ಲೆಕ್ಕಕ್ಕೆ ಬರೋಣ. ಸಿನಿಮಾ ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ, ನಿಮಿಷಕ್ಕೆ 1,440. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮಿಗೆ ನಿಲ್ಲಿಸಿದರೂ ನಿಮಿಷಕ್ಕೆ 720 ಚಿತ್ರ ಬೇಕು. ಆಗ ಪ್ರತಿಯೊಂದನ್ನೂ ಮೊದಲು ಪೆನ್ಸಿಲಿನಲ್ಲಿ ಬರೆಯಬೇಕಿತ್ತು, ‘ಸೆಲ್’ ಎಂಬ ಪಾರದರ್ಶಕ ಸೆಲ್ಯುಲಾಯ್ಡ್ ಹಾಳೆಯ ಮೇಲ್ಮೈಗೆ ಶಾಯಿಯಲ್ಲಿ ತೀಡಬೇಕಿತ್ತು, ಬೆನ್ನಿಗೆ ಬಣ್ಣ ತುಂಬಬೇಕಿತ್ತು, ಬಣ್ಣ ಒಣಗಬೇಕಿತ್ತು. ಯುದ್ಧಕ್ಕೆ ಮುಂಚೆ ಡಿಸ್ನಿ ಸ್ಟುಡಿಯೋ ಇಡೀ ವರ್ಷಕ್ಕೆ ಹೊರತಂದ ಅತಿ ಹೆಚ್ಚಿನ ಫಿಲ್ಮ್ 37,000 ಅಡಿ. 35 ಮಿಲಿಮೀಟರ್ ಫಿಲ್ಮ್ ನಿಮಿಷಕ್ಕೆ 90 ಅಡಿ ಓಡುವುದರಿಂದ ಅದು ಏಳು ಗಂಟೆಗೂ ಕಡಿಮೆ. 1942-43ರಲ್ಲಿ ಅದೇ ಸ್ಟುಡಿಯೋ 2,04,000 ಅಡಿ ಮಾಡಿತು. 37 ಗಂಟೆಗೂ ಹೆಚ್ಚು! ಬಹುಪಾಲು ಸರ್ಕಾರದ ಕೆಲಸ.

ಸಾಧ್ಯವಾದದ್ದು ಹೇಗೆ? ಚಲನೆಯನ್ನು ಕಡಿಮೆ ಮಾಡಿ. ಡಿಸ್ನಿಯವರು ಲಾಕ್‌ಹೀಡ್ ವಿಮಾನ ಕಾರ್ಖಾನೆಗಾಗಿ ಮಾಡಿದ ರಿವೆಟ್ ಚಿತ್ರವನ್ನೇ ತೆಗೆದುಕೊಳ್ಳಿ. ರಿವೆಟ್ ಎಂದರೆ ತಗಡುಗಳನ್ನು ಜೋಡಿಸುವ ಲೋಹದ ಮೊಳೆ. ರಿವೆಟ್ಟಿನ ತಲೆ ವಿಮಾನದ ಮೈಯಿಂದ ಮೇಲೆದ್ದು ನಿಂತರೆ ಗಾಳಿ ತಡೆಯುತ್ತದೆ, ವೇಗ ಕುಗ್ಗುತ್ತದೆ. ಆದ್ದರಿಂದ ತಲೆ ತಗಡಿನ ಮಟ್ಟಕ್ಕೆ ಕೂರಬೇಕು. ತಗಡು ದಪ್ಪವಾಗಿದ್ದರೆ ತೂತಿನ ಬಾಯನ್ನು ಲಾಳಿಕೆಯ ಹಾಗೆ ಕೊರೆದರೆ ಸಾಕು. ತೆಳು ತಗಡನ್ನು ಹಾಗೆ ಕೊರೆದರೆ ಅಂಚು ಚಾಕುವಿನ ಅಲಗಿನಷ್ಟು ತೆಳ್ಳಗಾಗಿ, ತೂತು ಹಿಗ್ಗಿ, ರಿವೆಟ್ ಅಲುಗಾಡತೊಡಗುತ್ತದೆ. ಅಲ್ಲಿ ಕೊರೆಯಬಾರದು, ಅಚ್ಚಿನಿಂದ ಒತ್ತಿ ಗುಳಿ ಮಾಡಬೇಕು. ಬೆಂಚಿನ ಮುಂದೆ ನಿಂತವನಿಗೆ ಈ ವ್ಯತ್ಯಾಸ ಕಾಣುವುದಿಲ್ಲ, ತಗಡಿನ ಒಳಗಾಗುವುದನ್ನು ತಗಡೇ ಮುಚ್ಚಿರುತ್ತದೆ. ತಗಡನ್ನು ಸೀಳಿ ಅಡ್ಡಕೊಯ್ತ ತೋರಿಸಿದರೆ ಕಾಣುತ್ತದೆ. ಇಂಥ ಚಿತ್ರದಲ್ಲಿ ಅಲುಗಬೇಕಾದದ್ದು ಒಂದು ರಿವೆಟ್ ಮತ್ತು ಅದನ್ನು ಒತ್ತುವ ಉಪಕರಣ. ಉಳಿದದ್ದೆಲ್ಲ ಒಂದೇ ಸೆಲ್ ಮೇಲೆ ನಿಂತಿರಬಹುದು.

ಕಡಿಮೆ ಚಲನೆ ಎಂದರೆ ಸುಲಭದ ಕೆಲಸ ಎಂದುಕೊಳ್ಳಬೇಡಿ. ಸೆಲ್ ಹಾಳೆಗಳನ್ನು ಒಂದರ ಮೇಲೊಂದು ಇಟ್ಟಾಗ ಪ್ರತಿ ಹಾಳೆಯೂ ಸ್ವಲ್ಪ ಬೆಳಕನ್ನು ನುಂಗುತ್ತದೆ. ಅಡಿಯ ಹಾಳೆಯ ಬಣ್ಣ ಮಬ್ಬಾಗಿ ಕಾಣುತ್ತದೆ. ನಾಲ್ಕು ಹಾಳೆಗಳಿದ್ದ ದೃಶ್ಯದಲ್ಲಿ ಒಂದನ್ನು ನಡುವೆ ತೆಗೆದರೆ ಚಿತ್ರ ಫಕ್ಕನೆ ಬೆಳ್ಳಗಾಗುತ್ತದೆ. ಅದಕ್ಕಾಗಿ ಖಾಲಿ ಹಾಳೆಯನ್ನಾದರೂ ಇಟ್ಟು ಲೆಕ್ಕ ಸರಿದೂಗಿಸುತ್ತಿದ್ದರು, ಇಲ್ಲವೇ ಅಡಿಯ ಹಾಳೆಗೆ ಒಂದು ಛಾಯೆ ತಿಳಿಯಾದ ಬಣ್ಣ ಕಲಸುತ್ತಿದ್ದರು. ಹಾಳೆ ಕೂರಿಸುವ ಗೂಟಗಳ ತೂತು ಸವೆದರೆ ಚಿತ್ರ ನಡುಗುತ್ತದೆ. ಕಾರ್ಟೂನಿನ ಬಾತುಕೋಳಿ ನಡುಗಿದರೆ ಯಾರೂ ಗಮನಿಸಲಿಕ್ಕಿಲ್ಲ. ಬಂದೂಕಿನ ಕೀಲು ನಡುಗಿದರೆ, ಅದು ಸಡಿಲವಾಗಿರಬೇಕಾದ ಭಾಗವೆಂದೇ ಕಲಿಯುವವನು ತಿಳಿದುಕೊಳ್ಳುತ್ತಾನೆ. ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು: ಬಾಣದ ಗುರುತು ಚಲಿಸುವ ಹೊತ್ತಿಗೇ ಪಾತ್ರವೂ ಕುಣಿದರೆ ಕಣ್ಣು ಹೋಗುವುದು ಪಾತ್ರದ ಕಡೆಗೆ. ನಗು ಉಳಿಯುತ್ತದೆ, ಪಾಠ ಹಾರಿಹೋಗುತ್ತದೆ.

ನಗುವನ್ನೇ ಪಾಠ ಮಾಡಿದ್ದು ಪ್ರೈವೇಟ್ ಸ್ನಾಫು ಎಂಬ ಕಾರ್ಟೂನ್ ಸರಣಿ. ಹಾಲಿವುಡ್ ನಿರ್ದೇಶಕ ಫ್ರಾಂಕ್ ಕಾಪ್ರಾ ಅವರ ಸೇನಾ ಘಟಕ ಟೆಂಡರು ಕರೆದಾಗ ಡಿಸ್ನಿಗಿಂತ ಕಡಿಮೆ ದರ ಕೂಗಿ ಕೆಲಸ ಹಿಡಿದವರು ಇನ್ನೊಂದು ಕಾರ್ಟೂನ್ ಸ್ಟುಡಿಯೋದ ಒಡೆಯ ಲಿಯಾನ್ ಶ್ಲೆಸಿಂಗರ್. 1943ರಿಂದ ಚಕ್ ಜೋನ್ಸ್, ಫ್ರಿಜ್ ಫ್ರೆಲೆಂಗ್, ಫ್ರಾಂಕ್ ಟ್ಯಾಶ್ಲಿನ್ ಮೊದಲಾದವರು ನಿರ್ದೇಶಿಸಿದರು. ಡಾಕ್ಟರ್ ಸ್ಯೂಸ್ ಎಂಬ ಹೆಸರಿನಲ್ಲಿ ಮಕ್ಕಳ ಪುಸ್ತಕ ಬರೆಯುತ್ತಿದ್ದ ಥಿಯೊಡೋರ್ ಗೈಸಲ್ ಮೊದಲಾದವರು ಬರೆದರು. ಸ್ನಾಫು ಮಾಡಬಾರದ್ದನ್ನೇ ಮಾಡುವ ಸಿಪಾಯಿ. ಗುಟ್ಟು ಬಿಡುತ್ತಾನೆ, ಬಂದೂಕು ಒರೆಸುವುದಿಲ್ಲ, ಮಲೇರಿಯಾಕ್ಕೆ ಎಚ್ಚರ ವಹಿಸುವುದಿಲ್ಲ. ಮಲೇರಿಯಾ ಆಗ ಪೆಸಿಫಿಕ್ ದ್ವೀಪಗಳಲ್ಲಿ ಶತ್ರುವಿನಷ್ಟೇ ದೊಡ್ಡ ಪೀಡೆ. ಅದನ್ನು ತಡೆಯುವ ಅಟಾಬ್ರಿನ್ ಮಾತ್ರೆ ಕಹಿ, ಚರ್ಮಕ್ಕೆ ಹಳದಿ ಬಣ್ಣ ಬರುತ್ತಿತ್ತು, ಗಂಡಸುತನ ಹೋಗುತ್ತದೆಂಬ ಪುಕಾರು ಬೇರೆ. ಹುಡುಗರು ಮಾತ್ರೆಯನ್ನು ನುಂಗದೆ ಉಗುಳುತ್ತಿದ್ದರು. ಅಧಿಕಾರಿಯ ಆಜ್ಞೆಗೆ ಬಗ್ಗದವನೂ ಸ್ನಾಫುವಿನ ಗತಿ ನೋಡಿ ನಗುತ್ತಲೇ ಸೊಳ್ಳೆಪರದೆಯನ್ನು ಹಾಸಿಗೆಯಡಿ ಸಿಕ್ಕಿಸಿಕೊಳ್ಳಲಿ ಎಂಬುದು ಇದರ ಲೆಕ್ಕಾಚಾರ.

ಆದರೆ ಅದೇ ಕೈಗಳು, ಅದೇ ವರ್ಷಗಳಲ್ಲಿ, ಜಪಾನೀಯರನ್ನು ಉಬ್ಬುಹಲ್ಲು, ದಪ್ಪ ಕನ್ನಡಕಗಳ ಒಂದೇ ಅಚ್ಚಿನಲ್ಲಿ ಎರಕ ಹೊಯ್ದವು. ಅದು ಕೀಳು ಕೆಲಸ, ಯುದ್ಧಕಾಲವೆಂಬ ನೆಪ ಅದನ್ನು ತೊಳೆಯುವುದಿಲ್ಲ. ತರಬೇತಿ ಚಿತ್ರ ತಪ್ಪಿದರೆ ಗುಂಡು ಗುರಿ ತಪ್ಪುತ್ತದೆ, ತಪ್ಪು ಮಾರನೇ ದಿನವೇ ಗೊತ್ತಾಗುತ್ತದೆ. ಪ್ರಚಾರದ ಚಿತ್ರಕ್ಕೆ ಅಂಥ ಪರೀಕ್ಷೆಯೇ ಇಲ್ಲ.

ಜಪಾನಿನಲ್ಲಿ ನೌಕಾಪಡೆಯ ಬೆಂಬಲದಿಂದ ಮಿತ್ಸುಯೊ ಸೆಯೊ ನಿರ್ದೇಶಿಸಿದ, ಜಾನಪದ ಕಥೆಯ ವೀರ ಹುಡುಗ ಮೊಮೊತಾರೊನ ಕಾರ್ಟೂನ್ ಚಿತ್ರ 74 ನಿಮಿಷದ್ದು. ಕೋತಿ, ನಾಯಿ, ಕರಡಿಗಳೇ ಪ್ಯಾರಾಶೂಟ್ ಸೈನಿಕರು. ವಿಮಾನದಿಂದ ಧುಮುಕುವ ದೃಶ್ಯಗಳಲ್ಲಿ ತರಬೇತಿ ಚಿತ್ರದ ನಿಖರತೆ ಇದೆ. ಆ ನಿಖರತೆಯನ್ನು ನಂಬಿದ ಕಣ್ಣು, ಅವರು ನೆಲೆಯೂರಿದ ದ್ವೀಪದ ಪ್ರಾಣಿಗಳೆಲ್ಲ ಜಪಾನೀ ಅಕ್ಷರ ಕಲಿಯಲು ಕಾತರಿಸಿ ಕೂತಿವೆ ಎಂಬುದನ್ನೂ ನಂಬಿಬಿಡುತ್ತದೆ. ಕೊನೆಯಲ್ಲಿ ಮರಿಗಳು ನೆಲದ ಮೇಲೆ ಬಿಡಿಸಿದ ಅಮೆರಿಕದ ನಕಾಶೆಯ ಮೇಲೆ ಜಿಗಿದು ಪ್ಯಾರಾಶೂಟ್ ಆಟ ಆಡುತ್ತವೆ. ಚಿತ್ರ ಬಿಡುಗಡೆಯಾದದ್ದು 1945ರ ಏಪ್ರಿಲ್ 12ರಂದು. ಅದಕ್ಕೆ ಒಂದು ತಿಂಗಳ ಹಿಂದೆ, ಮಾರ್ಚ್ 10ರ ನಸುಕಿಗೆ, ಟೋಕಿಯೊ ನಗರದ ದೊಡ್ಡ ಭಾಗ ಬಾಂಬಿನ ಬೆಂಕಿಯಲ್ಲಿ ಸುಟ್ಟುಹೋಗಿತ್ತು. ಈ ಚಿತ್ರವನ್ನು ನೋಡಬೇಕಾಗಿದ್ದ ಮಕ್ಕಳಲ್ಲಿ ಬಹಳ ಮಂದಿಯನ್ನು ಅಷ್ಟರಲ್ಲಾಗಲೇ ಪಟ್ಟಣ ಬಿಡಿಸಿ ಹಳ್ಳಿಗಳಿಗೆ ಕಳಿಸಿಯಾಗಿತ್ತು.

ನಮಸ್ಕಾರ.