ಸಮುದ್ರ ಸೇರುವ ನೀರು ಹಾಳಲ್ಲ

ಕೇಳುಗರೇ, ನಮಸ್ಕಾರ. "ಹೊಳೆ ನೀರೆಲ್ಲ ಸುಮ್ನೆ ಸಮುದ್ರ ಸೇರಿ ಹಾಳಾಗುತ್ತದೆ" ಎನ್ನುವವರು ನಿಮ್ಮ ಊರಲ್ಲೂ ಇರಬಹುದು. ನದಿ ತಿರುಗಿಸುವ ಯೋಜನೆಯ ಸುದ್ದಿ ಬಂದಾಗಲೆಲ್ಲ ಇದೇ ಮಾತು. ಕೇಳಿದರೆ ನನಗೆ ಸಂಕಟವಾಗುತ್ತದೆ. ಹಾಳಾಗುವುದಿಲ್ಲ. ಇವತ್ತು ನಾನು ಹೇಳಬೇಕೆಂದು ಬಂದಿರುವುದು ಇದೊಂದನ್ನೇ.

ಅಘನಾಶಿನಿಯನ್ನೇ ನೋಡಿ. ಶಿರಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ತದಡಿಯ ಹತ್ತಿರ ಕಡಲು ಸೇರುತ್ತದೆ. ದಾರಿಯಲ್ಲಿ ದೊಡ್ಡ ಅಣೆಕಟ್ಟು ಒಂದೂ ಇಲ್ಲ. ಉಂಚಳ್ಳಿ ಸುತ್ತಿನ ಕಾಡು ಸಿಂಗಳೀಕಗಳ ಅಭಯಾರಣ್ಯ. ಕೆಳಗೆ ಹೊಳೆ ಕಡಲು ಕೂಡುವ ಅಳಿವೆ, 4,801 ಹೆಕ್ಟೇರ್, 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ನೆಲಗಳ ಪಟ್ಟಿಗೆ ಸೇರಿತು. ಕಾಗದದಲ್ಲಿ ಇವೆರಡೂ ಬೇರೆ ಬೇರೆ. ಆದರೆ ನೀರು ಒಂದೇ ಅಲ್ವಾ?

ಒಮ್ಮೆ ಬಳಚು, ಅಂದರೆ ತಿನ್ನುವ ಚಿಪ್ಪುಜೀವಿ, ಆರಿಸುವ ಅಜ್ಜಿಯೊಬ್ಬರ ಜೊತೆ ಈ ಅಳಿವೆಗೆ ಇಳಿದಿದ್ದೆ. ಮಳೆಗಾಲ ಆಗಷ್ಟೇ ಮುಗಿದಿತ್ತು. ಇಳಿತದ ಹೊತ್ತು. ಅಜ್ಜಿ ಸೀರೆ ಎತ್ತಿ ಕಟ್ಟಿದ್ದರು. ಕಣ್ಣು ಎಲ್ಲೋ, ಪಾದ ಮಾತ್ರ ಕೆಸರಲ್ಲಿ ಬಳಚು ತಡಕುತ್ತಿತ್ತು. ನಾನು ಉಪ್ಪು ಅಳೆಯುವ ಉಪಕರಣ ತೊಳೆದು, ಒರೆಸಿ, ಹಿಡಿಯುವಷ್ಟರಲ್ಲಿ ಅವರು ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡರು. "ಇಲ್ಲಿ ಸಪ್ಪೆ ತಮಾ, ಕೆಳಗೆ ಹೋಗ್ವ." ದೋಣಿ ಹತ್ತಿದೆವು. ಅಳಿವೆ ಬಾಯಿಯ ಕಡೆ ಬಹಳ ದೂರ ಹೋದ ಮೇಲೆ ಮತ್ತೆ ಬೆರಳು ಅದ್ದಿದರು. "ಹಾಂ, ಇಲ್ಲಿ ಅಡ್ಡಿಲ್ಲ." ನನ್ನ ಉಪಕರಣವೂ ಅದನ್ನೇ ಹೇಳಿತು. ಸ್ವಲ್ಪ ಹೊತ್ತಿನಲ್ಲೇ ಬುಟ್ಟಿ ತುಂಬಿತು. ಯಾಕೆ ಹೀಗೆ ಎಂದು ಕೇಳಿದೆ. "ಪೂರಾ ಉಪ್ಪಾದ್ರೂ ಇಲ್ಲ, ಪೂರಾ ಸಿಹಿಯಾದ್ರೂ ಇಲ್ಲ. ಮೇಲಿಂದ ಹೊಳೆ ಬರಬೇಕು, ಕೆಳಗಿಂದ ಭರತ ಬರಬೇಕು" ಎಂದರು.

ಮೇಲಿಂದ ಹೊಳೆ ಬರಬೇಕು! ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ಹೊತ್ತು ಜಾಸ್ತಿ ಉಳಿದಿಲ್ಲ. ಉಪ್ಪು ತಾಳುವ ಕಗ್ಗ ಭತ್ತದ ಕತೆಯೂ ಹೀಗೇ, ಮಳೆ ನೀರು ಗಜನಿಯ, ಅಂದರೆ ಅಳಿವೆ ಬದಿಯ ಗದ್ದೆಯ, ಉಪ್ಪು ತೊಳೆದ ಮೇಲೆಯೇ ಅದು ಬೆಳೆಯುವುದು. ಉಪ್ಪು ನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬೇರುಗಳ ನಡುವೆ ಅಡಗುವ ಸಿಗಡಿ ಮರಿಗಳಿಗೂ ಈ ಬೆರಕೆ ನೀರೇ ಬೇಕು.

ಶಿರಸಿ, ಸಿದ್ದಾಪುರದ ತೋಟಿಗರಲ್ಲಿ ಒಂದು ಮಾತು. ಕಾಡಿನ ನಡುವೆ ರಾಂಪತ್ರೆ ಜಡ್ಡಿಗಳಿವೆ, ಅಂದರೆ ರಾಂಪತ್ರೆ ಮರಗಳ ಜೌಗು. ವರ್ಷವಿಡೀ ಒದ್ದೆ ನೆಲ, ಮೊಣಕಾಲು ಮಡಿಸಿದಂತೆ ಮೇಲೆದ್ದ ಬೇರು. ಬೇಸಿಗೆಯಲ್ಲಿ ಹಳ್ಳಕ್ಕೆ, ಅಲ್ಲಿಂದ ಹೊಳೆಗೆ ನೀರು ಬಿಡುವುದು ಇಂಥ ಜಾಗಗಳೇ. ಕಾಲುವೆ ತೋಡಿ ಅವನ್ನು ಒಣಗಿಸಿ ಅಡಿಕೆ ಹಾಕಬೇಡಿ. ಹಳ್ಳಕ್ಕೆ ಪಂಪು ಇಟ್ಟರೆ ತಳ ಕಾಣುವ ತನಕ ಎಳೆಯಬೇಡಿ. ಮಾರ್ಚ್, ಏಪ್ರಿಲ್‌ನಲ್ಲಂತೂ ದಯವಿಟ್ಟು ಬೇಡ. ನಮಸ್ಕಾರ.